ಉಸಿರಿಗೆ ಕೊಟ್ಟ ಮಾರ್ಕು

ಮಕ್ಕಳ ವಾರ್ಡಿನ ಸಿಸ್ಟರ್ ನನ್ನನ್ನು ಮೊದಲ ಸಲ ಮಹಡಿಗೆ ಕರೆಸಿದ್ದು ಒಂದು ಹುಡುಗಿಯ ಕೂಗು ನಿಲ್ಲಿಸಲು. ಚೀಟಿಯಲ್ಲಿ ‘ಉಸಿರಾಟದ ವ್ಯಾಯಾಮ, ದಿನಕ್ಕೆ ಎರಡು ಸಲ’ ಎಂದು ಬರೆದಿತ್ತು. ಚೀಟಿ ತಂದ ಆಯಾ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ನಾಲ್ಕು ಜನ ಹಿಡಿದ್ರೂ ಆಗುದಿಲ್ಲ ಅಮ್ಮಾ. ಅವಳ ಬೊಬ್ಬೆ ಕೇಳಿ ಉಳಿದ ಮಕ್ಕಳೂ ಬೊಬ್ಬೆ ಹೊಡೀತಾರೆ. ಸಿಸ್ಟರಿಗೆ ಸಾಕಾಗಿ ಹೋಗಿದೆ.”

ಅರವತ್ತರ ದಶಕದ ನಡುವಿನ ಮಾತಿದು. ಬಲ್ಮಠದ ಹತ್ತಿರದ ಆ ಆಸ್ಪತ್ರೆಯಲ್ಲಿ ವ್ಯಾಯಾಮ ಚಿಕಿತ್ಸೆಗೆಂದು ಇದ್ದವಳು ನಾನೊಬ್ಬಳೇ. ಕೆಳಗಿನ ಉದ್ದ ಕೋಣೆಯಲ್ಲಿ ಪೋಲಿಯೋದಿಂದ ಕಾಲು ಸೊರಗಿದವರು, ಭುಜ ಹಿಡಿದುಕೊಂಡ ಗುಮಾಸ್ತರು, ಕ್ಷಯಕ್ಕೆಂದು ಪಕ್ಕೆಲುಬು ತೆಗೆಸಿಕೊಂಡ ಗಂಡಸರು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಎದೆ ಕೊಯ್ಸಿಕೊಂಡವರಿಗೆ ಉಸಿರಾಡಲು ಕಲಿಸಿ ಕಲಿಸಿ ನನಗೊಂದು ವಿಷಯ ತಿಳಿದಿತ್ತು. ನೋವಿಗೆ ಹೆದರಿದವರು ಉಸಿರು ಹಿಡಿದುಕೊಳ್ಳುತ್ತಾರೆ. ಹಿಡಿದಷ್ಟೂ ಮೈ ಬಿಗಿಯುತ್ತದೆ, ಬಿಗಿದಷ್ಟೂ ನೋವು ಹೆಚ್ಚುತ್ತದೆ. ಉಸಿರನ್ನು ನಿಧಾನವಾಗಿ ಹೊರಗೆ ಬಿಡಿಸಿದರೆ ಈ ಸುತ್ತು ಎಲ್ಲಿಯಾದರೂ ಒಂದು ಕಡೆ ಕಡಿಯುತ್ತದೆ. ದೊಡ್ಡವರಲ್ಲಿ ಇದು ನಡೆಯುತ್ತಿತ್ತು. ಮಕ್ಕಳಲ್ಲಿ ನಾನು ಮಾಡಿ ನೋಡಿರಲಿಲ್ಲ.

ಹುಡುಗಿಗೆ ಒಂಬತ್ತು ವರ್ಷ. ಬಂದರಿನಲ್ಲಿ ಹಗ್ಗ, ಹುರಿ ಮಾರುವ ಬ್ಯಾರಿ ವ್ಯಾಪಾರಿಯ ಮಗಳು. ರಕ್ತದ ಕ್ಯಾನ್ಸರ್. ಆ ಶಬ್ದವನ್ನು ವಾರ್ಡಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮನೆಯವರಿಗೆ ‘ರಕ್ತ ಕೆಟ್ಟಿದೆ’ ಎಂದಷ್ಟೇ ಹೇಳಿದ್ದರು. ಆಗ ಅದಕ್ಕಿದ್ದ ಚಿಕಿತ್ಸೆಯೆಂದರೆ ಮೂರು ನಾಲ್ಕು ಬಗೆಯ ಮಾತ್ರೆ ಮತ್ತು ಬೇರೆಯವರ ರಕ್ತ. ಮಾತ್ರೆ ಹಿಡಿದರೆ ಕೆಲವು ತಿಂಗಳು ಸಿಗುತ್ತಿತ್ತು. ಗುಣವಾಗಿ ಬೆಳೆದು ದೊಡ್ಡದಾದ ಮಗುವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಒಂದು ಮಾತ್ರೆಯಿಂದ ಮುಖ ಊದಿ ಹಸಿವು ಕೆರಳುತ್ತಿತ್ತು. ಇನ್ನೊಂದು ಹಳದಿ ಮಾತ್ರೆಯಿಂದ ಬಾಯಿ ತುಂಬ ಹುಣ್ಣು, ಮೇಲಿಂದ ಮೇಲೆ ವಾಂತಿ. ಹಸಿವಾಗುತ್ತಿತ್ತು, ನುಂಗಲಾಗುತ್ತಿರಲಿಲ್ಲ. ಅದರ ಮೇಲೆ ಎಲುಬಿನ ಪರೀಕ್ಷೆ: ಸೊಂಟದ ಎಲುಬಿಗೆ ದಪ್ಪ ಸೂಜಿಯನ್ನು ತಿರುಪಿ ಇಳಿಸಿ, ಒಳಗಿನ ಮಜ್ಜೆಯನ್ನು ಸಿರಿಂಜಿನಲ್ಲಿ ಎಳೆದು ನೋಡುವುದು. ಆ ಕೂಗು ಇದರದ್ದು.

ಮೊದಲ ದಿನ ನಾನು ಅವಳ ಹೊಟ್ಟೆಯ ಮೇಲೆ ಕೈ ಇಡಲು ಹೋದಾಗ ನನ್ನ ಮಣಿಕಟ್ಟನ್ನು ಕಚ್ಚಿದಳು. ಕೈ ತುಂಬ ರಕ್ತ. ತೊಳೆದು ನೋಡಿದರೆ ನನಗೆ ಗಾಯವೇ ಆಗಿರಲಿಲ್ಲ. ರಕ್ತ ಅವಳ ವಸಡಿನದು.

ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ತಾಯಿ ಕೂತಿರುತ್ತಿದ್ದರು. ಮೂವತ್ತು ದಾಟಿರದ ಹೆಂಗಸು. ನಾನು ದೇರೆಬೈಲಿನ ತುಳು ಮನೆಯವಳು. ಅವರೊಡನೆ ತುಳುವಿನಲ್ಲೇ ಮಾತಾಡುತ್ತಿದ್ದೆ. ಮಗಳ ಪರವಾಗಿ ಆ ದಿನ ಅವರು ನನ್ನ ಕೈ ಹಿಡಿದು ತಪ್ಪಾಯಿತು ಎಂದರು. “ನಾವು ಇವಳಿಗೆ ಒಂದು ದಿನವೂ ಹೊಡೆದವರಲ್ಲ. ಅದಕ್ಕೇ ಹೀಗೆ ಆಗಿದ್ದಾಳೋ ಏನೋ,” ಎಂದೂ ಹೇಳಿದರು.

ಎರಡನೆಯ ದಿನದಿಂದ ನಾನು ಕೈ ತಾಗಿಸಲಿಲ್ಲ. ಎದೆ ಕೊಯ್ಸಿಕೊಂಡವರಿಗೆ ಮಾಡಿಸುತ್ತಿದ್ದ ಹಾಗೆ ನೀರು ತುಂಬಿದ ಬಾಟಲಿಗೆ ರಬ್ಬರ್ ನಳಿಗೆ ಹಾಕಿ ಊದಲು ಕೊಟ್ಟೆ. ಗುಳ್ಳೆ ಏಳುವುದನ್ನು ಕಂಡು ಕುತೂಹಲದಿಂದ ಬಾಯಿಗಿಟ್ಟುಕೊಂಡಳು. ರಬ್ಬರಿನ ವಾಸನೆಗೆ ಅಲ್ಲೇ ವಾಂತಿ ಮಾಡಿದಳು. ಮರುದಿನ ಹಿತ್ತಲಿನಿಂದ ಪಪ್ಪಾಯಿ ಎಲೆಯ ದಂಟು ಕತ್ತರಿಸಿ ತಂದೆ. ನಾವು ಸಣ್ಣವರಿದ್ದಾಗ ಅದರಲ್ಲೇ ನೀರಿನಲ್ಲಿ ಊದಿ ಆಡಿದ್ದು. ತೊಳೆದದ್ದು ಸಾಕಾಗಿರಲಿಲ್ಲ. ಅದರ ಹಾಲು ಬಾಯಿಯ ಹುಣ್ಣಿಗೆ ತಾಗಿ ಅವಳು ಉರಿಯಿಂದ ಎರಡೂ ಕೈಯಲ್ಲಿ ನಾಲಿಗೆ ಹಿಡಿದುಕೊಂಡು ಹೊರಳಾಡಿದಳು. ಬಾಯಲ್ಲಿ ಅಷ್ಟು ಹುಣ್ಣಿರುವ ಮಗುವಿಗೆ ಹಸಿ ದಂಟು ಕೊಡಬಾರದೆಂಬುದು ಯೋಚಿಸಿದ್ದರೆ ಯಾರಿಗೂ ತಿಳಿಯುವ ವಿಷಯ. ನಾನು ಯೋಚಿಸಿರಲಿಲ್ಲ. ಸಿಸ್ಟರ್ ಬೋರಿಕ್ ನೀರಿನಲ್ಲಿ ಬಾಯಿ ತೊಳೆಸಿ, “ನೀವು ಸುಮ್ಮನಾಗಿಸ್ಲಿಕ್ಕೆ ಬಂದವರಾ, ಕೂಗಿಸ್ಲಿಕ್ಕೆ ಬಂದವರಾ?” ಎಂದು ಕೇಳಿದರು.

ಆಮೇಲೆ ಬಾಯಿಗೆ ಏನನ್ನೂ ಇಡಲಿಲ್ಲ. ಮಂಚದ ಸರಳಿಗೆ ದಾರ ಕಟ್ಟಿ ತೆಳು ಕಾಗದದ ಪಟ್ಟಿಯೊಂದನ್ನು ಅವಳ ಮುಖದ ಮುಂದೆ ಇಳಿಬಿಟ್ಟೆ. ಊದಿ ಹಾರಿಸುವುದಲ್ಲ, ಓರೆಯಾಗಿ ನಿಲ್ಲಿಸುವುದು. ನಿಲ್ಲಬೇಕಾದರೆ ಉಸಿರು ಸಣ್ಣಗೆ, ಒಂದೇ ಸಮ ಹೊರಗೆ ಹೋಗಬೇಕು. ಅವಳು ಎರಡು ದಿನ ಅದನ್ನು ನೋಡಲೂ ಇಲ್ಲ. ಮೂರನೆಯ ದಿನ ಕೇಳಿದಳು:

“ನೀವು ಟೀಚರಾ?”

“ಹೌದು.”

“ಎಂತ ಕಲಿಸ್ತೀರಿ?”

“ಉಸಿರು ಬಿಡ್ಲಿಕ್ಕೆ.”

“ಅದು ನನಗೆ ಗೊತ್ತುಂಟು.”

“ಗೊತ್ತಿದ್ರೆ ಮಾಡಿ ತೋರಿಸು. ಮಾರ್ಕ್ ಕೊಡ್ತೇನೆ.”

ಅವಳು ಎದ್ದು ಕೂತಳು. ಆ ವರ್ಷ ಶಾಲೆಯ ಪರೀಕ್ಷೆಗೆ ಕೂರಲಾಗದ್ದು ಅವಳಿಗೆ ದೊಡ್ಡ ದುಃಖವಾಗಿತ್ತೆಂದು ಆಮೇಲೆ ತಿಳಿಯಿತು. ಆ ದಿನ ಹತ್ತಕ್ಕೆ ನಾಲ್ಕು ಕೊಟ್ಟೆ. ನನ್ನ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಬರೆಯಿಸಿಕೊಂಡೇ ಬಿಟ್ಟಳು.

ವಾರದೊಳಗೆ ಕ್ರಮ ಕೂಡಿಬಂತು. ಮೂಗಿನಿಂದ ಮೂರು ಎಣಿಸುವಷ್ಟು ಒಳಗೆ, ತುಟಿ ಚೂಪು ಮಾಡಿ ಆರು ಎಣಿಸುವಷ್ಟು ಹೊರಗೆ. ಹೊಟ್ಟೆಯ ಮೇಲೆ ಅವಳದೇ ಕೈ, ಅದರ ಮೇಲೆ ನನ್ನ ಕೈ. ಹಳದಿ ಮಾತ್ರೆಯ ದಿನ ವಾಕರಿಕೆ ಶುರುವಾಗುವ ಮೊದಲೇ ಕತ್ತಿನ ಹಿಂದೆ ಒದ್ದೆ ಬಟ್ಟೆ ಇಟ್ಟು, ಕಿಟಕಿಯ ಸರಳೊಂದನ್ನು ದಿಟ್ಟಿಸಲು ಹೇಳಿ, ಉಸಿರು ಬಿಡಿಸುತ್ತಿದ್ದೆ. ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟರೆ ಅವಳು ಇಡೀ ದಿನ ಮಂಪರಿನಲ್ಲಿ ಬಿದ್ದಿರುತ್ತಿದ್ದಳು. ಉಸಿರಾಟದಿಂದ ಎಲ್ಲ ವಾಂತಿಯೂ ನಿಲ್ಲಲಿಲ್ಲ. ಅರ್ಧ ಲೋಟ ಗಂಜಿ ಹೊಟ್ಟೆಯಲ್ಲಿ ಉಳಿಯುವಷ್ಟು ಹೊತ್ತು ತಡೆಯುತ್ತಿತ್ತು. ಆ ವಾರ್ಡಿನಲ್ಲಿ ಅರ್ಧ ಲೋಟ ಗಂಜಿ ದೊಡ್ಡದು.

ಒಂದು ದಿನ ಅವಳಿಗೆ ಮನಸ್ಸಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೆಳಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು, ನನಗೆ ಅವಸರ. “ಸರಿಯಾಗಿ ಮಾಡಿದ್ರೆ ಬೇಗ ಮನೆಗೆ ಹೋಗ್ಬಹುದು,” ಎಂದೆ.

ತಿರುಗಿದಳು. “ಹತ್ತಕ್ಕೆ ಹತ್ತು ಬಂದ್ರೆ?”

“ಬರ್ಲಿ, ನೋಡುವ.”

ಇಷ್ಟೇ ಹೇಳಿದ್ದು. ಪಕ್ಕದಲ್ಲಿ ತಾಯಿಯೂ ಇದ್ದರು.

ಹತ್ತನ್ನು ನಾನು ಯಾರಿಗೂ ಕೊಡುತ್ತಿರಲಿಲ್ಲ. ಕೊಟ್ಟರೆ ಮರುದಿನ ಪ್ರಯತ್ನ ನಿಲ್ಲುತ್ತದೆಂಬುದು ನನ್ನ ಎಣಿಕೆ.

ಮುಂದಿನ ಎಲುಬಿನ ಪರೀಕ್ಷೆಗೆ ನಾನು ಅವಳೊಡನೆ ಹೋದೆ. ಮಗುವನ್ನು ಮಗ್ಗುಲಾಗಿ, ಮೊಣಕಾಲು ಮಡಚಿಸಿ ಮಲಗಿಸುತ್ತಾರೆ. ಡಾಕ್ಟರು ಬೆನ್ನಿನ ಕಡೆ, ನಾನು ಮುಖದ ಕಡೆ. ಮೊದಲು ನೊವೊಕೇನ್, ಅಂದರೆ ಮರಗಟ್ಟಿಸುವ ಇಂಜೆಕ್ಷನ್, ಚರ್ಮದಿಂದ ಎಲುಬಿನ ಮೇಲ್ಮೈವರೆಗೆ. ಎರಡು ಮೂರು ನಿಮಿಷ ಬಿಟ್ಟು ದಪ್ಪ ಸೂಜಿ. ಅದನ್ನು ಒತ್ತಿ ತಿರುಪುವಾಗ ಮೇಜೇ ಅಲುಗಾಡುತ್ತದೆ. ಕೊನೆಗೆ ಮಜ್ಜೆ ಎಳೆಯುವ ಕೆಲವು ಕ್ಷಣ. ಅದಕ್ಕೆ ಯಾವ ನೊವೊಕೇನೂ ಇಲ್ಲ. ಡಾಕ್ಟರು ‘ಈಗ’ ಎಂದ ಕೂಡಲೇ ನಾನು ಅವಳ ಹೊಟ್ಟೆಯ ಮೇಲೆ ಬೆರಳೊತ್ತುವುದು, ಅವಳು ಆರರ ಉಸಿರನ್ನು ಬಿಡಲು ತೊಡಗುವುದು. ಇದನ್ನು ನಾವು ಮಂಚದ ಮೇಲೆ ಇಪ್ಪತ್ತು ಸಲ ಸೂಜಿಯಿಲ್ಲದೆ ಮಾಡಿ ನೋಡಿದ್ದೆವು. ಆ ದಿನ ಮೂರಕ್ಕೆ ತಪ್ಪಿ ಕೂಗಿದಳು. ಆದರೆ ಕಾಲು ಝಾಡಿಸಲಿಲ್ಲ. ಆರು ಮಾರ್ಕು. ಅದರ ಮುಂದಿನ ಸಲ ಹಿಡಿಯಲು ಒಬ್ಬ ಆಯಾ ಸಾಕಾಯಿತು. ಎಂಟು.

ಮಕ್ಕಳ ಡಾಕ್ಟರು ಒರಟರಲ್ಲ. ಮಕ್ಕಳನ್ನು ಮುಟ್ಟುವ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದವರು. ಮೂರನೆಯ ಸಲ ಅವರು ಟ್ರೇ ನೋಡಿ, ನೊವೊಕೇನಿನ ಸಿರಿಂಜನ್ನು ಪಕ್ಕಕ್ಕೆ ಸರಿಸಿದರು.

“ಬೇಡ. ಇವಳಿಗೆ ಎರಡೆರಡು ಸಲ ಯಾಕೆ ಚುಚ್ಚುವುದು? ಎಳೆಯುವ ನೋವು ಇದರಿಂದ ಹೇಗೂ ನಿಲ್ಲುವುದಿಲ್ಲ. ನಿಮ್ಮ ಉಸಿರಾಟ ಉಂಟಲ್ಲ.”

ನಾನು ಎಂದಿನ ಹಾಗೆ ಅವಳ ಹೊಟ್ಟೆಯ ಮೇಲೆ ಕೈ ಇಟ್ಟೆ. ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು, ಹೇಳಿದ ರೀತಿಯಲ್ಲಿ ಮೆಚ್ಚುಗೆಯಿತ್ತು. ಸೂಜಿ ಒಳಗಿಳಿಯುವಾಗ ಹುಡುಗಿಯ ಕಣ್ಣು ನನ್ನ ಕಣ್ಣಿನಲ್ಲೇ ನೆಟ್ಟಿತ್ತು. ತುಟಿ ಚೂಪಾಗಿಯೇ ಇತ್ತು. ಕಣ್ಣಿನಿಂದ ನೀರು ಮೂಗಿನ ಸೇತುವೆ ದಾಟಿ ಇನ್ನೊಂದು ಕಣ್ಣಿಗೆ ಇಳಿಯಿತು. ಕೂಗಲಿಲ್ಲ. ಹೊರಗೆ ಬಂದ ಮೇಲೆ, “ಎಷ್ಟು ಟೀಚರ್?” ಎಂದಳು.

ಒಂಬತ್ತು ಎಂದೆ. ನನ್ನ ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ.

ಆಮೇಲೆ ಅದೇ ವಾಡಿಕೆಯಾಯಿತು. ವಾರ್ಡಿನಲ್ಲಿ ಅಂಥ ಕಾಯಿಲೆಯ ಇನ್ನೂ ಮೂವರು ಮಕ್ಕಳಿದ್ದರು. ಅವರಿಗೂ ಕಲಿಸಿದೆ. ಕಲಿತವರ ಟ್ರೇಯಿಂದ ನೊವೊಕೇನ್ ಮಾಯವಾಯಿತು. ಒಂದೇ ಬೆಳಿಗ್ಗೆ ನಾಲ್ಕೂ ಪರೀಕ್ಷೆ ಮುಗಿಯುತ್ತಿದ್ದವು. ಅವರಲ್ಲಿ ಕಲಿಯಲಾಗದ ನಾಲ್ಕು ವರ್ಷದ ಒಂದು ಮಗು ಕೂಗಿದರೆ ಸಿಸ್ಟರ್, “ಆ ಅಕ್ಕನನ್ನು ನೋಡು, ಹೇಗೆ ಸುಮ್ಮನೆ ಮಲಗ್ತಾಳೆ,” ಎನ್ನುತ್ತಿದ್ದರು. ವಾರ್ಡು ನಿಶ್ಶಬ್ದವಾಯಿತು. ನನ್ನನ್ನು ಹೊಗಳದವರಿರಲಿಲ್ಲ. ಹೊಗಳಿಕೆ ನನಗೆ ಹಿತವಾಗುತ್ತಿತ್ತು.

ಅಷ್ಟರಲ್ಲಿ ಮಾತ್ರೆ ಹಿಡಿಯಿತು. ಹುಡುಗಿಯ ಮಜ್ಜೆಯಲ್ಲಿ ಕೆಟ್ಟ ಕಣಗಳು ಕಾಣಲಿಲ್ಲ. ಅವಳನ್ನು ಮನೆಗೆ ಕಳಿಸಿದರು. ಹೋಗುವ ದಿನ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. “ಡಾಕ್ಟರ ಮದ್ದು ಎಲ್ಲರಿಗೂ ಒಂದೇ, ಟೀಚರ್. ಇವಳು ಹುಷಾರಾದದ್ದು ನಿಮ್ಮ ಉಸಿರಿನಿಂದ. ನಾನು ಒಂದು ದಿನವೂ ತಪ್ಪಿಸುದಿಲ್ಲ.” ಅಲ್ಲ, ಹಾಗಲ್ಲ ಎನ್ನಬೇಕಿತ್ತು. ನಾನು ನಕ್ಕು, ದಿನವೂ ಮಾಡಿಸಿ, ಒಳ್ಳೆಯದು ಎಂದೆ.

ಮೂರು ತಿಂಗಳು ಅವಳು ಶಾಲೆಗೆ ಹೋದಳು. ತೋರಿಸಲು ಬಂದಾಗಲೆಲ್ಲ ನನ್ನ ಕೋಣೆಗೆ ಇಳಿದು ಬರುತ್ತಿದ್ದಳು. ಬೆಳಗಿನ ನಮಾಜು ಮುಗಿದ ಕೂಡಲೇ ತಾಯಿ ಎಬ್ಬಿಸಿ ಉಸಿರು ಮಾಡಿಸುತ್ತಿದ್ದರಂತೆ. ಅವರೂ ಮಾರ್ಕು ಕೊಡುತ್ತಿದ್ದರಂತೆ. “ಉಮ್ಮ ಏಳಕ್ಕಿಂತ ಜಾಸ್ತಿ ಕೊಡುದೇ ಇಲ್ಲ,” ಎಂದು ನನ್ನ ಹತ್ತಿರ ದೂರು ಹೇಳಿದ್ದಳು.

ನಾಲ್ಕನೆಯ ತಿಂಗಳು ಕಾಲಿನಲ್ಲಿ ನೀಲಿ ಕಲೆಗಳು ಎದ್ದವು. ಜ್ವರ. ಮತ್ತೆ ಅದೇ ವಾರ್ಡು, ಕಿಟಕಿಯ ಪಕ್ಕದ ಬೇರೆ ಮಂಚ. ನಾನು ಮೇಲೆ ಹೋದಾಗ ತಾಯಿ ನನ್ನ ಮುಖ ನೋಡಲಿಲ್ಲ.

“ಪೆರ್ನಾಲ್ ಹಬ್ಬದ ದಿನ ಬಿಟ್ಟಿದ್ಲು ಟೀಚರ್,” ಎಂದರು. “ನೆಂಟರ ಮಕ್ಕಳೆಲ್ಲ ಬಂದಿದ್ರು. ಆಡ್ಲಿಕ್ಕೆ ಹೋದವಳು ಸಂಜೆವರೆಗೆ ಸಿಕ್ಲಿಲ್ಲ. ಕೇಳಿದ್ರೆ ಮಾಡಿದ್ದೇನೆ ಅಂತ ಸುಳ್ಳು ಹೇಳಿದ್ಲು.”

ಹುಡುಗಿ ತಲೆ ತಗ್ಗಿಸಿ ಹೊದಿಕೆಯ ಅಂಚು ಕೀಳುತ್ತಿದ್ದಳು. ಬಟ್ಟೆ ಬದಲಿಸುವಾಗ ಬೆನ್ನು ಕಂಡಿತು. ಎರಡು ಉದ್ದ ಬಾಸುಂಡೆ, ಹಳೆಯದಾಗಿ ಹಸಿರಿಗೆ ತಿರುಗಿದ್ದವು. ರಕ್ತ ಹೆಪ್ಪುಗಟ್ಟುವ ಶಕ್ತಿ ಇಳಿಯತೊಡಗಿದ ಮೈಯಲ್ಲಿ ಅವು ಹೋಗಿರಲಿಲ್ಲ.

“ಸಟ್ಟುಗದಲ್ಲಿ ಹೊಡೆದೆ,” ಎಂದರು ತಾಯಿ. “ಜೀವ ಉಳಿಯುವ ವಿಷಯ. ಹೊಡೆಯದೆ ಬಿಡ್ಲಿಕ್ಕೆ ಆಗ್ತದಾ?”

ನಾನು ಅವಳ ಅಂಗಿಯ ಗುಂಡಿ ಹಾಕಿ ಇಳಿದು ಹೋದೆ. ಉಸಿರಿಗೂ ರಕ್ತಕ್ಕೂ ಸಂಬಂಧವಿಲ್ಲವೆಂದು ಆ ದಿನವೂ, ಮರುದಿನವೂ ಹೇಳಲಿಲ್ಲ.

ಮೂರನೆಯ ದಿನ ಡಾಕ್ಟರು ಕರೆಸಿದರು. ಹೊರ ಊರುಗಳಿಂದ ಆರು ಮಂದಿ ಡಾಕ್ಟರುಗಳು ಬರುವವರಿದ್ದರು. ಮರುದಿನ ಬೆಳಿಗ್ಗೆ ಅವರೆದುರು ಹುಡುಗಿಯ ಎಲುಬಿನ ಪರೀಕ್ಷೆ. ನೊವೊಕೇನ್ ಇಲ್ಲದೆ ಬರೀ ಉಸಿರಾಟದಿಂದ ಮಗು ಹೇಗೆ ಅಲ್ಲಾಡದೆ ಮಲಗುತ್ತದೆಂದು ತೋರಿಸಬೇಕು. “ಇದು ನಿಮ್ಮ ಕೆಲಸ. ನಿಮ್ಮ ಹೆಸರು ಹೇಳ್ತೇನೆ,” ಎಂದರು. ಅದನ್ನು ಕೇಳಿ ನನಗೆ ಸಂತೋಷವಾದದ್ದು ನಿಜ. ಆ ಸಂತೋಷದಲ್ಲೇ ಅಭ್ಯಾಸ ಮಾಡಿಸಲು ಮೇಲೆ ಹೋದೆ.

ಹುಡುಗಿ ಚೆನ್ನಾಗಿ ಮಾಡಿದಳು. ಹಿಂದೆಂದಿಗಿಂತ ಚೆನ್ನಾಗಿ. ಆರು ಎಣಿಸುವಲ್ಲಿ ಎಂಟರವರೆಗೆ ಎಳೆದಳು. ತುಟಿ ಬಿರಿದು ರಕ್ತ ಜಿನುಗುತ್ತಿದ್ದರೂ ಕಾಗದದ ಪಟ್ಟಿ ಓರೆಯಾಗಿಯೇ ನಿಂತಿತ್ತು. ಮುಗಿಸಿ ಕೇಳಿದಳು:

“ಟೀಚರ್, ನಾಳೆ ಹತ್ತಕ್ಕೆ ಹತ್ತು ಬಂದ್ರೆ ರಕ್ತ ಸರಿ ಆಗ್ತದಲ್ಲ? ಪೆರ್ನಾಲ್ ದಿನದ್ದು ಅದರಲ್ಲಿ ಹೋಗ್ತದಲ್ಲ?”

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತೆಂದರೆ ಆ ಶಬ್ದ ನನ್ನ ಬಾಯಿಯವರೆಗೆ ಬಂದಿತ್ತು. ಮರುದಿನದ ಕೆಲಸವೂ ಅದರಿಂದ ಚೆನ್ನಾಗಿ ನಡೆಯುತ್ತಿತ್ತು. ಆದರೆ ಹತ್ತು ಮಾರ್ಕು ಕೊಟ್ಟ ಮೇಲೂ ಅವಳ ರಕ್ತ ಕೆಡುತ್ತದೆ. ಆಗ ಅವಳು ಬೇರೆ ಯಾವ ದಿನದ ಯಾವ ತಪ್ಪನ್ನು ಹುಡುಕುತ್ತಾಳೆ?

ನಾನು ಮಂಚದ ಮೇಲೆ ಕೂತೆ. “ಇಲ್ಲ ಮಗಾ. ಉಸಿರು ಮದ್ದಲ್ಲ. ವಾಕರಿಕೆ, ನೋವು ಸ್ವಲ್ಪ ಕಡಿಮೆ ಆಗ್ಲಿಕ್ಕೆ ಮಾತ್ರ ಅದು. ನೀನು ಮಾಡಿದ್ರೂ ರಕ್ತ ಕೆಡ್ತಿತ್ತು, ಮಾಡದಿದ್ರೂ ಕೆಡ್ತಿತ್ತು. ನಿನ್ನದು ಎಂತದ್ದೂ ತಪ್ಪಿಲ್ಲ.”

“ಮತ್ತೆ ಮಾರ್ಕ್ ಎಂತಕ್ಕೆ ಕೊಟ್ಟದ್ದು?”

“ನೀನು ಮಾಡ್ಲಿ ಅಂತ.”

“ಮತ್ತೆ ಸೂಜಿ ಹಾಕುವಾಗ ನಾನು ಸುಮ್ಮನೆ ಮಲಗಿದ್ದು ಎಂತಕ್ಕೆ?”

ನನಗೆ ಉತ್ತರ ಗೊತ್ತಿತ್ತು. ಚಾಪೆಯ ಮೇಲೆ ತಾಯಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, ಯಾರನ್ನೂ ನೋಡದೆ ಕೇಳಿದರು: “ಹಾಗಾದ್ರೆ ನಾನು ಇವಳಿಗೆ ಹೊಡೆದದ್ದು?”



ಮರುದಿನ ಬೆಳಿಗ್ಗೆ ಪರೀಕ್ಷೆಯ ಕೋಣೆಯಲ್ಲಿ ಗೋಡೆಗೊರಗಿ ಆರು ಮಂದಿ ನಿಂತಿದ್ದರು. ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿದ್ದರು. ಅವಳು ನನ್ನ ಕಡೆ ನೋಡಲಿಲ್ಲ. ಡಾಕ್ಟರು ಅಂಗೈ ಉಜ್ಜಿಕೊಂಡು, ಅಯೋಡಿನ್ ಹಚ್ಚಿ, ದಪ್ಪ ಸೂಜಿಗೆ ಕೈ ಚಾಚಿದರು.

“ಸರ್, ನೊವೊಕೇನ್ ಟ್ರೇಯಲ್ಲಿ ಇಲ್ಲ,” ಎಂದೆ.

“ಇವಳಿಗೆ ಬೇಡವಲ್ಲ.”

“ಬೇಕು ಸರ್.”

ಅವರು ಬಂದವರ ಕಡೆ ನೋಡಿ ಸ್ವಲ್ಪ ನಕ್ಕರು. ಆಮೇಲೆ ದನಿ ತಗ್ಗಿಸಿ, “ನೀವು ಉಸಿರು ನೋಡಿಕೊಳ್ಳಿ. ಸೂಜಿ ನಾನು ನೋಡಿಕೊಳ್ತೇನೆ,” ಎಂದರು.

ನನ್ನ ಕೈ ಅವಳ ಹೊಟ್ಟೆಯ ಮೇಲಿತ್ತು. ನಾನು ಅದನ್ನು ತೆಗೆದೆ. ಬಾಗಿ ಅವಳ ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದೆ: “ನೋವಾದ್ರೆ ಕೂಗು ಮಗಾ. ಕೂಗ್ಬಹುದು.”

ಸೂಜಿ ಇನ್ನೂ ಮುಟ್ಟಿರಲಿಲ್ಲ. ಅವಳು ಕೂಗಿದಳು. ಆ ಕೂಗು ಆ ದಿನದ್ದು ಮಾತ್ರವಾಗಿರಲಿಲ್ಲ. ಹಿಂದಿನ ಎಲ್ಲ ಸಲದ್ದೂ ಅದರಲ್ಲಿತ್ತು. ಗೋಡೆಯಾಚೆ ವಾರ್ಡಿನ ಮಕ್ಕಳು ಒಬ್ಬೊಬ್ಬರಾಗಿ ಅಳತೊಡಗಿದರು. ಬಂದವರಲ್ಲಿ ಹಿರಿಯರೊಬ್ಬರು ಮೆಲ್ಲಗೆ, “ನೊವೊಕೇನ್ ಕೊಟ್ಟೇ ಮಾಡಿ,” ಎಂದರು. ಸಿಸ್ಟರ್ ಓಡಿದರು. ಸಿರಿಂಜು ಕುದಿಸಿ ತರುವವರೆಗೆ ಹುಡುಗಿ ಕೂಗುತ್ತಲೇ ಇದ್ದಳು. ನೊವೊಕೇನ್ ಕೊಟ್ಟ ಮೇಲೂ ನಾಲ್ಕು ಜನ ಹಿಡಿಯಬೇಕಾಯಿತು. ನಾಲ್ವರಲ್ಲಿ ನಾನೊಬ್ಬಳು. ಅವಳ ಮೊಣಕಾಲುಗಳನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದೆ. ಮಜ್ಜೆ ಎಳೆಯುವಾಗ ಅವಳ ಉಗುರು ನನ್ನ ತೋಳಿಗೆ ಇಳಿದಿತ್ತು.

ಮಧ್ಯಾಹ್ನ ಡಾಕ್ಟರು ನನ್ನನ್ನು ನಿಲ್ಲಿಸಿ ಮಾತಾಡಿದರು. ಬೈಯಲಿಲ್ಲ.

“ಆ ಮಗುವಿಗೆ ಉಳಿದದ್ದು ಅದೊಂದೇ ಆಗಿತ್ತು. ಇನ್ನು ಒಂದು ತಿಂಗಳೋ, ಒಂದೂವರೆಯೋ. ಆ ದಿನಗಳನ್ನು ಅವಳು ಧೈರ್ಯದಿಂದ ಕಳೀತಿದ್ಳು. ನಿಮ್ಮ ಮನಸ್ಸಾಕ್ಷಿಗಾಗಿ ಅದನ್ನೂ ಕಿತ್ತುಕೊಂಡ್ರಿ. ನಾಳೆಯಿಂದ ನನ್ನ ವಾರ್ಡಿಗೆ ಬರಬೇಡಿ.”

ಆ ಮಾತಿನಲ್ಲಿ ಸತ್ಯವಿರಲಿಲ್ಲವೆಂದು ಇಂದಿಗೂ ಹೇಳಲಾರೆ. ಮುಂದಿನ ಮೂರು ವಾರ ಅವರು ಹೇಳಿದ ಹಾಗೆಯೇ ನಡೆಯಿತು. ಹುಡುಗಿ ಕಾಗದದ ಪಟ್ಟಿಯನ್ನು ಹರಿದು ಹಾಕಿದಳಂತೆ. ಮಾತ್ರೆ ಕಂಡರೆ ಉಗುಳುತ್ತಿದ್ದಳಂತೆ. ವಾಂತಿ ಶುರುವಾದರೆ ಬರೀ ಪಿತ್ತ, ರಕ್ತ ಬರುವವರೆಗೆ ನಿಲ್ಲುತ್ತಿರಲಿಲ್ಲ. ಅವಳ ಕೂಗು ಮೆಟ್ಟಿಲಿಳಿದು ನನ್ನ ಕೋಣೆಗೆ ಬರುತ್ತಿತ್ತು. ನಾನು ಗುಮಾಸ್ತರ ಭುಜ ಎತ್ತಿಸುತ್ತಾ, ಪೋಲಿಯೋದವರ ಪಾದ ತಿರುಗಿಸುತ್ತಾ ಅದನ್ನು ಕೇಳುತ್ತಿದ್ದೆ. ಬೆಂಚಿನ ಮೇಲಿದ್ದವರು, “ಎಂತ ಮಾರಾಯ್ರೇ ಅದು?” ಎಂದು ಕೇಳುತ್ತಿದ್ದರು.

ಒಂದು ಸೋಮವಾರ ತಾಯಿ ಕೆಳಗಿಳಿದು ಬಂದರು. ಬಾಗಿಲಲ್ಲೇ ನಿಂತರು.

“ಅವಳು ಕಳಿಸಿದ್ದು. ಮಾರ್ಕ್ ಕೊಡುದಿಲ್ಲ ಅಂತಾದ್ರೆ ಬರ್ಲಿಕ್ಕೆ ಹೇಳಿದ್ದಾಳೆ.”

“ನನಗೆ ಮೇಲೆ ಬರ್ಲಿಕ್ಕೆ ಇಲ್ಲ.”

“ಗೊತ್ತುಂಟು. ನಾಲ್ಕು ಗಂಟೆಗೆ ಎಲ್ಲರನ್ನೂ ಬಿಡ್ತಾರಲ್ಲ.”

ರೋಗಿಗಳನ್ನು ನೋಡಲು ಹೊರಗಿನವರಿಗೆ ನಾಲ್ಕರಿಂದ ಐದರವರೆಗೆ ಸಮಯ. ನಾನು ಕೆಲಸದ ಬಿಳಿ ಕೋಟು ಕಳಚಿಟ್ಟು, ಮೆಟ್ಟಿಲ ಬುಡದಲ್ಲಿ ಎಳನೀರು, ಬಿಸ್ಕೀಟಿನ ಪೊಟ್ಟಣ ಹಿಡಿದು ನಿಂತಿದ್ದವರ ಸಾಲಿನಲ್ಲಿ ನಿಂತೆ. ಕಾವಲಿನವನು ನನ್ನನ್ನು ನೋಡಿ ಗೊಂದಲಪಟ್ಟ. ವಾರ್ಡಿನಲ್ಲಿ ಸಿಸ್ಟರ್ ಕಂಡರು. ಕಂಡೂ ತಲೆ ತಗ್ಗಿಸಿ ಥರ್ಮಾಮೀಟರ್ ಒರೆಸಿದರು.

ಹುಡುಗಿಯ ತುಟಿ ಚೂಪಾಗುವ ಸ್ಥಿತಿಯಲ್ಲಿರಲಿಲ್ಲ. ಕಪ್ಪಾಗಿ ಹಕ್ಕಳೆ ಕಟ್ಟಿತ್ತು. ಬಾಯಿ ಮುಚ್ಚಿದರೆ ಅಂಟುತ್ತಿತ್ತು. ಅವಳ ಕೈಯನ್ನು ನನ್ನ ಹೊಟ್ಟೆ ಮೇಲೆ ಇಟ್ಟುಕೊಂಡು ನಾನೇ ಉಸಿರಾಡಿದೆ. ಒಂದು, ಎರಡು ಎನ್ನುವಷ್ಟರಲ್ಲಿ, “ಎಣಿಸ್ಬೇಡಿ,” ಎಂದಳು. ಎಣಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳ ಉಸಿರು ನನ್ನದಕ್ಕೆ ಹೊಂದಿಕೊಂಡಿತು. ವಾಕರಿಕೆ ಬಂತು, ವಾಂತಿಯಾಯಿತು, ಬಾಯಿ ಒರೆಸಿದೆವು, ಮತ್ತೆ ಕೈ ಇಟ್ಟುಕೊಂಡೆವು. ಎರಡು ವಾಂತಿಯ ನಡುವೆ ಮೊದಲು ಎರಡು ನಿಮಿಷವೂ ಸಿಗುತ್ತಿರಲಿಲ್ಲವಂತೆ. ಹೀಗೆ ಮಾಡಿದರೆ ಹತ್ತು ನಿಮಿಷ ಸಿಗುತ್ತಿತ್ತು. ನನ್ನ ವಿದ್ಯೆ ಆ ಮಗುವಿಗೆ ನಿಜವಾಗಿ ಕೊಡಬಹುದಾಗಿದ್ದದ್ದು ಅಷ್ಟೇ. ಮೊದಲ ದಿನವೂ ಅಷ್ಟೇ ಆಗಿತ್ತು.

ಹದಿಮೂರು ಸಂಜೆ ಹೋದೆ. ನಡುವೆ ಒಂದು ಸಲ ಡಾಕ್ಟರು ಬಂದರು. ಮಂಚದ ಕಾಲ ಬಳಿ ನಿಂತು ನೋಡಿ ಹೊರಟುಹೋದರು. ಅವಳು ನನ್ನೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ನನ್ನನ್ನು ಕ್ಷಮಿಸಿದ್ದಳೆಂದೇನೂ ನನಗನ್ನಿಸಲಿಲ್ಲ. ನನ್ನ ಹೊಟ್ಟೆ ಅವಳಿಗೆ ಬೇಕಾಗಿತ್ತು, ಅಷ್ಟೇ. ತಾಯಿ ಆ ಒಂದು ಗಂಟೆ ವರಾಂಡಕ್ಕೆ ಹೋಗಿ ಕೂತಿರುತ್ತಿದ್ದರು.

ಹದಿನಾಲ್ಕನೆಯ ಸಂಜೆ ಹೋದಾಗ ಹಾಸಿಗೆಯನ್ನು ವರಾಂಡದ ಬಿಸಿಲಿಗೆ ಹಾಕಿದ್ದರು. ಮಂಚ ತೊಳೆದು ಒದ್ದೆಯಾಗಿತ್ತು.

“ಬೆಳಿಗ್ಗೆ,” ಎಂದರು ಸಿಸ್ಟರ್. “ಮೂಗಿನ ರಕ್ತ ನಿಲ್ಲಲೇ ಇಲ್ಲ.”

“ಕೂಗಿದಳಾ?”

“ಕೂಗ್ಲಿಕ್ಕೆ ಶಕ್ತಿ ಎಲ್ಲಿ ಉಂಟು ಮಾರಾಯ್ತಿ.”

ಆಮೇಲಿನ ಎಲುಬಿನ ಪರೀಕ್ಷೆಗಳಲ್ಲಿ ಸಿಸ್ಟರ್ ಹೇಳಿಸಿಕೊಳ್ಳದೆ ಟ್ರೇಯಲ್ಲಿ ನೊವೊಕೇನ್ ಇಡತೊಡಗಿದರೆಂದು ಆಯಾ ಹೇಳಿದಳು. ಡಾಕ್ಟರು ಅದನ್ನು ಬಳಸುತ್ತಿದ್ದರಂತೆ, ಆ ಬಗ್ಗೆ ಮಾತಾಡುತ್ತಿರಲಿಲ್ಲವಂತೆ. ಕೆಲವು ತಿಂಗಳ ಮೇಲೆ ಮಕ್ಕಳ ವಾರ್ಡಿನಿಂದ ನನಗೆ ಮತ್ತೆ ಚೀಟಿಗಳು ಬಂದವು. ನಾನು ಹೋದೆ. ಸೂಜಿಗೆ ಮೊದಲು ಟ್ರೇ ನೋಡುತ್ತಿದ್ದೆ. ಮಕ್ಕಳಿಗೆ ಉಸಿರು ಕಲಿಸುವಾಗ, ಇದು ಕಾಯಿಲೆಗೆ ಮದ್ದಲ್ಲ, ಬೇಡವೆನಿಸಿದರೆ ಬಿಟ್ಟುಬಿಡು ಎಂದು ಮೊದಲೇ ಹೇಳುತ್ತಿದ್ದೆ. ಹಾಗೆ ಹೇಳಿದರೆ ಅರ್ಧದಷ್ಟು ಮಕ್ಕಳು ನಿಜಕ್ಕೂ ಬಿಟ್ಟುಬಿಡುತ್ತಿದ್ದರು.

ಆ ಚೀಟಿಗಳು ಬರುವುದಕ್ಕೂ ಮೊದಲು, ಹುಡುಗಿ ಸತ್ತು ಎರಡು ತಿಂಗಳಾಗಿರಬೇಕು, ಅವಳ ತಾಯಿ ನನ್ನ ಕೋಣೆಗೆ ಬಂದರು. ಬೆಳಗಿನ ಗಡಿಬಿಡಿಯ ಹೊತ್ತು. ಸೊರಗಿದ್ದರು. ಕೂರಲು ಹೇಳಿದೆ, ಕೂರಲಿಲ್ಲ.

“ಒಂದು ಮಾತು ಕೇಳಿ ಹೋಗುವ ಅಂತ ಬಂದೆ. ನೀವು ಆ ದಿವಸ ಹೇಳಿದ್ದು ಸತ್ಯವಾ ಟೀಚರ್? ಪೆರ್ನಾಲ್ ದಿನ ಬಿಟ್ಟದ್ದರಿಂದ ಏನೂ ಆದದ್ದಲ್ವಾ?”

“ಅಲ್ಲ. ಸತ್ಯ ಹೇಳಿದ್ದೇನೆ.”

ಅವರು ತಲೆ ಮೇಲಿನ ಸೆರಗನ್ನು ಸರಿಮಾಡಿಕೊಂಡರು.

“ಅವಳಿಗೆ ಮಾತ್ರ ಹೇಳ್ಬಹುದಿತ್ತು ನೀವು,” ಎಂದರು. “ನಾನು ನೀರಿಗೆ ಅಂತ ಹೊರಗೆ ಹೋಗ್ತಿದ್ದೆ, ಬಟ್ಟೆ ಒಗೀಲಿಕ್ಕೆ ಹೋಗ್ತಿದ್ದೆ. ಆಗ ಹೇಳ್ಬಹುದಿತ್ತು. ಅವಳು ತಪ್ಪು ಮಾಡಿದ್ಲು, ಅದಕ್ಕೆ ನಾನು ಹೊಡೆದೆ ಅಂತ ನನಗೆ ಇರ್ತಿತ್ತು.”

ಅದು ನನಗೆ ಆ ದಿನ ಹೊಳೆದೇ ಇರಲಿಲ್ಲ. ಹಾಗೆಂದು ಹೇಳಿದೆ. ಅವರು ತಲೆಯಾಡಿಸಿ, ಬಂದ ದಾರಿಯಲ್ಲೇ ಹೊರಟರು. ಬೆಂಚಿನ ಮೇಲೆ ಇನ್ನೂ ಮೂವರು ಕೂತಿದ್ದರು. ನಾನು ಮೊದಲನೆಯವರನ್ನು ಒಳಗೆ ಕರೆದೆ.